ಬರ್ಬನ್ ಬಿದ್ದ ಅಲಸಂದಿ

ಸರ್ ತೀರಿಕೊಂಡ ದಿನ ಲಿಂಗಸುಗೂರಿನ ಅವರ ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ಕುಳಿತವರೆಲ್ಲ ಊಟದ ಮಾತನ್ನೇ ಆಡುತ್ತಿದ್ದರು. ಸಾವಿನ ಮನೆಯಲ್ಲಿ ಇದು ಸರಿಯಲ್ಲ ಎಂದು ಯಾರಿಗೂ ಅನಿಸಲಿಲ್ಲ. ಒಬ್ಬರು ಅವರ ಮನೆಯಲ್ಲಿ ಉಂಡ ಸುಟ್ಟ ಬದನೆಕಾಯಿಯನ್ನು ನೆನೆದರು. ಇನ್ನೊಬ್ಬರು ಉಣ್ಣುವ ಮೊದಲು ಕೇಳಬೇಕಾಗಿ ಬಂದ ಮುಕ್ಕಾಲು ಗಂಟೆಯ ಭಾಷಣವನ್ನು ನೆನೆದರು. ಅಲಸಂದಿಯ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಆ ಅಲಸಂದಿಯನ್ನು ಉಂಡಿದ್ದ ಮೂವರು ದೊಡ್ಡ ಮನುಷ್ಯರು ಮುಂದಿನ ಸಾಲಿನಲ್ಲೇ ಕೈಕಟ್ಟಿ ಕುಳಿತಿದ್ದರು. ನಾಲ್ಕನೆಯವನಾದ ನಾನು ಅವರ ಹಿಂದೆ ಕುಳಿತಿದ್ದೆ.

ಸರ್ ಹೋದರು, ಇನ್ನು ಹೇಳಿದರೆ ತಪ್ಪಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಅವರ ಹೆಸರು ಹಾಕಿದರೆ ಆ ಮೂವರ ಹೆಸರೂ ತಾನಾಗಿ ಹೊರಬರುತ್ತದೆ. ಆಮೇಲೆ ಈ ಊರಲ್ಲಿ ನಾನು ಒಂದು ಮೊಳ ಬಟ್ಟೆ ಕೊಳ್ಳುವುದೂ ಕಷ್ಟವಾಗುತ್ತದೆ.

ಅವರು ನಮ್ಮ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರು. ನಾನು ಕನ್ನಡ ಕಲಿಸುವವನು, ಅವರಿಗಿಂತ ಹದಿನೈದು ವರ್ಷ ಚಿಕ್ಕವನು. ಸ್ಟಾಫ್ ರೂಮಿನಲ್ಲಿ ಯಾರು ಡಬ್ಬಿ ಬಿಚ್ಚಿದರೂ ಸರ್ ಎದ್ದು ಬಂದು ಬಗ್ಗಿ ನೋಡುತ್ತಿದ್ದರು. ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಮೂಸಿ, ಎಡಗಿವಿಯ ಹಾಲೆಯನ್ನು ಎಳೆದುಕೊಳ್ಳುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದರ ಬುಡ ಎಲ್ಲೈತಿ?" ಡಬ್ಬಿಯ ಒಡೆಯನಿಗೆ ಉಪ್ಪಿಟ್ಟಿನ ಬುಡ ಎಲ್ಲಿ ಗೊತ್ತಿರಬೇಕು? ಹೆಂಡತಿ ಕಟ್ಟಿಕೊಟ್ಟದ್ದು ಗೊತ್ತು, ಅಷ್ಟೇ. ಸರ್ ಹೇಳಲು ತೊಡಗಿದರೆಂದರೆ ಗಂಟೆ ಹೊಡೆಯುವವರೆಗೂ ನಿಲ್ಲುತ್ತಿರಲಿಲ್ಲ. ಎಷ್ಟೋ ಜನ ಅರ್ಧ ಊಟದಲ್ಲೇ ಪಾಠಕ್ಕೆ ಹೋದದ್ದುಂಟು. ಹುಡುಗರು ಅವರಿಗೆ "ಬುಡದ ಸರ್" ಎಂದು ಹೆಸರಿಟ್ಟಿದ್ದರು. ಅವರಿಗೆ ಅದು ಗೊತ್ತಿತ್ತು, ಬಿರುದೆಂದೇ ತಿಳಿದಿದ್ದರು.

ಈ ಹುಚ್ಚಿನಿಂದ ಅವರು ಕಳೆದುಕೊಂಡ ಊಟಗಳು ಒಂದೆರಡಲ್ಲ. ಮಸ್ಕಿ ಅವರ ಹೆಂಡತಿಯ ತವರು. ಮಾವ ಮೆಣಸಿನಕಾಯಿ ಬೆಳೆಯುವವರು. ಮದುವೆಯಾದ ಹೊಸತರಲ್ಲಿ ಪಂಕ್ತಿಯಲ್ಲಿ ಮಾವನ ಪಕ್ಕ ಕುಳಿತು, ಮೆಣಸಿನಕಾಯಿ ನಮ್ಮದಲ್ಲ, ಪೋರ್ತುಗೀಸರು ಹಡಗಿನಲ್ಲಿ ತಂದದ್ದು ಎಂದು ಅಳಿಯ ಹೇಳಿದರು. "ಹೊಲ ನಂದು, ಬೀಜ ನಂದು, ಕಾಯಿ ಪರದೇಶದ್ದು ಹೆಂಗ?" ಎಂದು ಕೇಳಿ ಮಾವ ಕೈ ತೊಳೆದುಕೊಂಡು ಎದ್ದರಂತೆ. ಆ ನಂತರ ಎರಡು ವರ್ಷ ಅಳಿಯನಿಗೆ ಆ ಮನೆಯಲ್ಲಿ ಸಪ್ಪೆ ಊಟವೇ ಗತಿಯಾಯಿತು. ಪರದೇಶದ ವಸ್ತು ಅಳಿಯಂದಿರಿಗೆ ಆಗಿಬರಲಿಕ್ಕಿಲ್ಲ ಎಂದು ಅತ್ತೆ ಹೇಳುತ್ತಿದ್ದರು.

ತುರ್ವಿಹಾಳದ ಒಂದು ಮದುವೆಯಲ್ಲಿ ಗೋಬಿ ಮಂಚೂರಿ ಬಡಿಸಿದರು. ಸರ್ ಎದ್ದು ಹೋಗಿ ಹೆಣ್ಣಿನ ತಂದೆಯನ್ನು ಪಕ್ಕಕ್ಕೆ ಕರೆದು, ಇದಕ್ಕೂ ಮಂಚೂರಿಯಾಕ್ಕೂ ಸಂಬಂಧವೇ ಇಲ್ಲ ಎಂದು ತಿಳಿಸಿದರು. ಆ ಮನುಷ್ಯ ಭತ್ತ ಮಾರಿ ಕೈಬಿಚ್ಚಿ ಮದುವೆ ಮಾಡುತ್ತಿದ್ದ. ಅಡಿಗೆಯವರು ತನಗೆ ಮೋಸ ಮಾಡಿದರೆಂದೇ ತಿಳಿದು, ಸಿಂಧನೂರಿನಿಂದ ತರಿಸೀನ್ರಿ, ಮಂಚೂರಿಯಾದ್ದಂತ ನಾ ಎಲ್ಲಿ ಅಂದೀನಿ ಎಂದು ಎಲ್ಲರ ಮುಂದೆ ಕಣ್ಣಲ್ಲಿ ನೀರು ತಂದುಕೊಂಡ. ಸರ್ ಅವನನ್ನು ಸಮಾಧಾನ ಮಾಡಲು ಹೋಗಿ ಹೂಕೋಸಿನ ಇತಿಹಾಸ ಹೇಳಿದರು.

ಸಿಂಧನೂರಿನ ಹತ್ತಿರ ಬಂಗಾಳದ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿಗೂ ನಾನು ಅವರ ಜೊತೆ ಹೋಗಿದ್ದೆ. ಅಲ್ಲಿ ಬಂಗಾಳಿ ಮುದುಕನೊಬ್ಬ ರಸಗುಲ್ಲ ಮಾಡುತ್ತಿದ್ದ. ಸರ್ ಉದ್ದನೆಯ ನೋಟುಬುಕ್ಕು ತೆರೆದು, ಇದರ ಬುಡ ಎಲ್ಲಿ ಎಂದು ಅರ್ಧ ದಿನ ಕೇಳಿದರು. ಮುದುಕ ಹಾಲು ಒಡೆಸಿ, ಹಿಂಡಿದ ಗಟ್ಟಿ ಛೇನಾ ನಾದುತ್ತಲೇ ಇದ್ದ. ಕೊನೆಗೆ ತನ್ನ ಹರಕು ಕನ್ನಡದಲ್ಲಿ, ಬುಡ ಅಲ್ಲೇ ಬಿಟ್ಟು ಬಂದವರು ನಾವು, ನಮ್ಮನ್ನ ಕೇಳಿದರೆ ಹೇಗೆ ಸರ್ ಎಂದ. ಸರ್ ಪೆನ್ನು ಎತ್ತಿ ಅವನ ಮುಖ ನೋಡಿದರು. ಆಮೇಲೆ ನೋಟುಬುಕ್ಕಿನಲ್ಲಿ "ಮಾಹಿತಿ ಅಲಭ್ಯ" ಎಂದು ಬರೆದುಕೊಂಡು ಒಂದು ಕಿಲೋ ಕಟ್ಟಿಸಿದರು. ಅವರು ಹಾಗೇ ಇದ್ದರು. ಎದುರಿಗಿದ್ದವನ ನೋವು ಅವರಿಗೆ ಕಾಣುತ್ತಿರಲಿಲ್ಲವೆಂದಲ್ಲ, ಕಂಡರೂ ಅದನ್ನು ಎಲ್ಲಿ ಬರೆದುಕೊಳ್ಳಬೇಕು ಎಂಬುದು ತಿಳಿಯುತ್ತಿರಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಸರ್ ಕುಡಿಯುತ್ತಿರಲಿಲ್ಲ. ಲಿಂಗಸುಗೂರು, ಸಿಂಧನೂರು, ಮಸ್ಕಿ, ನಮ್ಮ ಈ ಮೂರೂ ಊರುಗಳಲ್ಲಿ ಕುಡಿಯುವುದಿಲ್ಲ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಇವರು ನಿಜವಾಗಿಯೂ ಕುಡಿಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕಾಲೇಜಿನ ಅಂಗಳದಲ್ಲಿ ಹುಡುಗರನ್ನು ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, ಮದ್ಯವನ್ನು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸುತ್ತಿದ್ದರು. ನಿವೃತ್ತರಾದ ಮೇಲೂ ಅದಕ್ಕೆ ಅವರನ್ನೇ ಕರೆಯುತ್ತಿದ್ದೆವು. ನಾನೂ ಪ್ರತಿ ವರ್ಷ ಕೈ ಚಾಚಿ ಅವರ ಹಿಂದೆ ಗಟ್ಟಿಯಾಗಿ ಹೇಳುತ್ತಿದ್ದೆ. ಹೇಳುವುದಕ್ಕೇನು, ದನಿ ಚೆನ್ನಾಗಿದೆ.

ಅವರ ಓಣಿಯ ತಿರುವಿನಲ್ಲಿ ಒಂದು ವೈನ್ ಶಾಪ್ ಇತ್ತು. ಆ ದಾರಿಯಲ್ಲೇ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹೋಗಬೇಕು. ಹಾಸ್ಟೆಲ್ಲಿನಲ್ಲಿ ಅಡಿಗೆ ಮಾಡುವ ಈರಮ್ಮನ ಗಂಡ ದಿನಾ ಸಂಜೆ ಆ ಅಂಗಡಿಯ ಮುಂದೆ ಬೀಳುತ್ತಿದ್ದ. ಈರಮ್ಮ ಕೆಲಸ ಮುಗಿಸಿ ಬಂದು, ತಾನು ಅನ್ನ ಬಡಿಸಿದ ಹುಡುಗಿಯರ ಎದುರಿಗೇ ಅವನನ್ನು ರಟ್ಟೆ ಹಿಡಿದು ಎಬ್ಬಿಸಿ ಮನೆಗೆ ನಡೆಸಿಕೊಂಡು ಹೋಗಬೇಕಿತ್ತು. ಅಂಗಡಿಯನ್ನು ಅಲ್ಲಿಂದ ಎತ್ತಿಸಬೇಕೆಂದು ಓಣಿಯ ಹೆಂಗಸರು ಅವಳ ಮುಂದಾಳತ್ವದಲ್ಲಿ ಒಂದು ಅರ್ಜಿ ಕೊಟ್ಟರು. ಅರ್ಜಿ ತುಂಬ ಹೆಬ್ಬೆಟ್ಟುಗಳೇ ಇದ್ದವು. ಅದು ವಾಪಸು ಬಂತು. ಊರಿನ ನಾಲ್ಕು ದೊಡ್ಡ ಮನುಷ್ಯರ ಸಹಿ ಇರಲಿ, ಎಲ್ಲರಿಗಿಂತ ಮೇಲೆ ಕುಡಿಯದವರೊಬ್ಬರ ಹೆಸರಿರಲಿ, ಆಗ ತೂಕ ಬರುತ್ತದೆ ಎಂದು ತಿಳಿದವರು ಅವರಿಗೆ ಬುದ್ಧಿ ಹೇಳಿದರು.

ಮೇಲಿನ ಹೆಸರಿಗೆ ಈರಮ್ಮ ಬಂದದ್ದು ನೇರ ಸರ್ ಹತ್ತಿರ. ಅವರು ಒಪ್ಪಿದರು. ಉಳಿದದ್ದು ದೊಡ್ಡ ಮನುಷ್ಯರು. ಒಬ್ಬರು ಬಟ್ಟೆ ಅಂಗಡಿಯ ಸಾಹುಕಾರರು, ಒಬ್ಬರು ಗುತ್ತಿಗೆದಾರರು, ಒಬ್ಬರು ನಿವೃತ್ತ ಹೆಡ್‌ಮಾಸ್ತರು. ನಾಲ್ಕನೆಯವನಾಗಿ, ದೊಡ್ಡತನ ಏನೂ ಇಲ್ಲದಿದ್ದರೂ, ನನ್ನನ್ನು ಎಣಿಸಿದ್ದರು. ಸಾಹುಕಾರರು ನೋಡೋಣ ಎಂದರು. ಗುತ್ತಿಗೆದಾರರು ಇದರಲ್ಲಿ ರಾಜಕೀಯ ಬರುತ್ತದೆ ಎಂದರು. ಹೆಡ್‌ಮಾಸ್ತರು ಕನ್ನಡಕ ಮನೆಯಲ್ಲಿದೆ ಎಂದರು, ಐದು ತಿಂಗಳಾದರೂ ಅದು ಮನೆಯಲ್ಲೇ ಇತ್ತು. ನಾನು, ಅವರೆಲ್ಲ ಮಾಡಲಿ, ಹಿಂದೆಯೇ ಮಾಡುತ್ತೇನೆ ಎಂದೆ.

ಪರಿಸ್ಥಿತಿ ಹೀಗಿರುವಾಗ ಸರ್ ಸಿಂಧನೂರಿನ ಒಂದು ದೊಡ್ಡ ಅಂಗಡಿಯಲ್ಲಿ ಬೇಕ್ಡ್ ಬೀನ್ಸ್ ಡಬ್ಬಿ ಕಂಡರು. ಕೆಂಪು ಸಾರಿನಲ್ಲಿ ಬಿಳಿ ಕಾಳು. ತಂದು, ತೆರೆದು, ಮೂಸಿ ಸಿಟ್ಟಾದರು. ಟೊಮ್ಯಾಟೊ ಅದರ ಬುಡದಲ್ಲಿ ಇರಲೇ ಇಲ್ಲವಂತೆ. ಮುಂದಿನ ಒಂದು ತಿಂಗಳು ಫೋನು ಹಿಡಿದು ಓದಿದ್ದನ್ನೆಲ್ಲ ದಿನಾ ಸಂಜೆ ನನಗೆ ಒಪ್ಪಿಸಿದರು. ಅಮೆರಿಕದ ಮೂಲನಿವಾಸಿಗಳು ಮಣ್ಣಿನ ಗಡಿಗೆಯಲ್ಲಿ ಕಾಳು, ಕರಡಿಯ ಕೊಬ್ಬು, ಮರದ ರಸದ ಸಕ್ಕರೆ ತುಂಬಿ, ಕಾದ ಕಲ್ಲುಗಳಿದ್ದ ಗುಂಡಿಯಲ್ಲಿ ಹೂತಿಡುತ್ತಿದ್ದರು. ಆಮೇಲೆ ಬಂದ ಬಿಳಿಯರು ಕರಡಿಯ ಜಾಗಕ್ಕೆ ಹಂದಿ ಹಾಕಿದರು, ಸಕ್ಕರೆಯ ಜಾಗಕ್ಕೆ ಕಾಕಂಬಿ ಹಾಕಿದರು. ಭಾನುವಾರ ದೇವರ ದಿನ, ಅಂದು ಒಲೆ ಹೊತ್ತಿಸಬಾರದು. ಅದಕ್ಕೆ ಶನಿವಾರವೇ ಗಡಿಗೆ ಹೂಡಿ ಭಾನುವಾರ ಉಣ್ಣುತ್ತಿದ್ದರು. ಇಲ್ಲ, ಇದೆಲ್ಲ ನಮ್ಮ ಮಾಂಸದ ಕಾಳಿನ ಗಡಿಗೆಯ ನಕಲು ಎಂದು ಫ್ರೆಂಚರು ಜಗಳ ತೆಗೆದಿದ್ದಾರೆ. ಫ್ರೆಂಚರನ್ನು ಸರ್ ಎರಡೇ ಸಂಜೆಯಲ್ಲಿ ಸೋಲಿಸಿದರು.

ಅವರ ಭಾನುವಾರವೇ ನಮ್ಮ ಸೋಮವಾರ ಎಂಬುದು ಸರ್ ಅವರ ಸ್ವಂತ ಸಂಶೋಧನೆ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎರಡೂ ದೇಶದ ರೈತರು ವಾರಕ್ಕೊಂದು ದಿನ ಸುಮ್ಮನೆ ಕೂರಬೇಕೆಂದು ಕಂಡುಕೊಂಡಿದ್ದಾರೆ, ಆದ್ದರಿಂದ ಈ ಕಾಳನ್ನು ಸೋಮವಾರವೇ ಉಣ್ಣಬೇಕು ಎಂದರು. ಈಗ ಎಲ್ಲರ ಮನೆಯಲ್ಲೂ ಟ್ರ್ಯಾಕ್ಟರು, ಸೋಮವಾರವೂ ಓಡುತ್ತದೆ ಎಂದು ನಾನು ಹೇಳಿದೆ. ಅದನ್ನು ಅವರು ಬರೆದುಕೊಳ್ಳಲಿಲ್ಲ.

ತೊಂದರೆ ಬಂದದ್ದು ಬರ್ಬನ್‌ನಿಂದ. ಬರ್ಬನ್ ಎಂದರೆ ನಮಗೆಲ್ಲ ಚಹದ ಜೊತೆ ತಿನ್ನುವ ಬಿಸ್ಕೀಟು. ಇದು ಬೇರೆ, ಮೆಕ್ಕೆಜೋಳದಿಂದ ಇಳಿಸುವ ಅಮೆರಿಕದ ವಿಸ್ಕಿ. ಒಳಗೋಡೆ ಸುಟ್ಟ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಅದು ಹುಟ್ಟುವ ಸೀಮೆಯ ಜನ ಕಾಳಿನ ಗಡಿಗೆಗೆ ಒಂದು ಲೋಟ ಅದನ್ನೂ ಸುರಿಯುತ್ತಾರಂತೆ. ಕಾಳು, ಜೋಳ, ಸುಟ್ಟ ಕಟ್ಟಿಗೆ, ಮೂರೂ ಆ ಮಣ್ಣಿನವೇ, ಅದಿಲ್ಲದೆ ಪಾಕ ಪೂರ್ತಿಯಲ್ಲ ಎಂದು ಸರ್ ತೀರ್ಮಾನಿಸಿದರು.

ಉಳಿದ ಸಾಮಾನಿನ ವಿಷಯದಲ್ಲಿ ಅವರು ಧಾರಾಳಿ. ಅಮೆರಿಕದ ಬಿಳಿ ಕಾಳು ಸಿಗಲಿಲ್ಲ, ಮುದಗಲ್ಲಿನ ಸಂತೆಯಿಂದ ಅಲಸಂದಿ ತಂದರು. ಅಲಸಂದಿಯ ಬುಡ ಆಫ್ರಿಕಾದಲ್ಲಿದೆ ಎಂದು ಗೊತ್ತಿದ್ದೂ ಕ್ಷಮಿಸಿದರು. ಕರಡಿಯ ಕೊಬ್ಬಿನ ಬದಲು ಹಸುವಿನ ತುಪ್ಪ. ಮರದ ಸಕ್ಕರೆಯ ಬದಲು ಬೆಲ್ಲ. ಹಂದಿಯ ಹೆಸರನ್ನೇ ಎತ್ತಲಿಲ್ಲ, ಮನೆಯಲ್ಲಿ ಮೊಟ್ಟೆಯೂ ಬಾರದ ಸಂಸಾರ ಅದು. ಬರ್ಬನ್ ಮಾತ್ರ ಬರ್ಬನ್ನೇ ಆಗಬೇಕು ಎಂದು ಹಟ ಹಿಡಿದರು. ಅವರ ಹೆಂಡತಿ ಅಲಸಂದಿ ಆರಿಸುತ್ತ ಕುಳಿತಿದ್ದವರು ಮೊರದಿಂದ ಕಣ್ಣೆತ್ತದೆ ಹೇಳಿದರು:

"ಕರಡಿ ಬಿಟ್ರಿ, ಹಂದಿ ಬಿಟ್ರಿ, ಅವರ ಕಾಳೂ ಬಿಟ್ರಿ. ಬಿಡಬೇಕಾದ್ದೊಂದ ಬಿಡವಲ್ರಿ."

ಕಾಯಿಸಿದರೆ ಅಮಲು ಆವಿಯಾಗಿ ಹೋಗುತ್ತದೆ, ಉಳಿಯುವುದು ಪರಿಮಳ ಮಾತ್ರ, ಹೀಗಾಗಿ ಪ್ರತಿಜ್ಞೆಗೆ ಭಂಗವಿಲ್ಲ ಎಂದು ಸರ್ ವಾದಿಸಿದರು. ಬಾಟಲಿಯನ್ನು ಅವರು ಕೈಯಿಂದ ಮುಟ್ಟುವುದಿಲ್ಲ, ಹಿಡಿಯುವುದೂ ಸುರಿಯುವುದೂ ನನ್ನ ಕೆಲಸ ಎಂದಾಯಿತು. ಲಿಂಗಸುಗೂರಿನಲ್ಲಿ ಕೊಂಡರೆ ಊರೇ ನೋಡುತ್ತದೆ, ಸಿಂಧನೂರಿಗೆ ಹೋಗೋಣ, ಅಲ್ಲಿ ನಮ್ಮನ್ನು ಯಾರು ಬಲ್ಲರು ಎಂದರು.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳದೆ ವಿಧಿಯಿಲ್ಲ. ಲಿಂಗಸುಗೂರಿನ ಮರ್ಯಾದಸ್ಥರು ಕುಡಿಯುವುದಕ್ಕೆ ಸಿಂಧನೂರಿಗೆ ಹೋಗುತ್ತಾರೆ. ಸಿಂಧನೂರಿನವರು ಮಸ್ಕಿಗೆ ಬರುತ್ತಾರೆ. ಮಸ್ಕಿಯವರು ಲಿಂಗಸುಗೂರಿಗೆ. ಸ್ವಂತ ಊರಿನಲ್ಲಿ ಕುಡಿದು ಬೀಳುವವರು ಕೂಲಿಯವರು ಮಾತ್ರ, ಅವರಿಗೆ ಬಸ್ಸಿನ ಖರ್ಚು ಗಿಟ್ಟುವುದಿಲ್ಲ. ಶನಿವಾರ ಮಧ್ಯಾಹ್ನ ಮೂರೂ ಊರಿನ ಬಸ್ಸುಗಳಲ್ಲಿ ಇಸ್ತ್ರಿ ಮಾಡಿದ ಅಂಗಿಯವರು ಕಂಡರೆ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಅಪ್ಪಿತಪ್ಪಿ ಕೇಳಿದರೆ ಬ್ಯಾಂಕಿನ ಕೆಲಸ ಎನ್ನುತ್ತಾರೆ. ಬ್ಯಾಂಕು ಮುಚ್ಚಿರುವ ಶನಿವಾರವೂ ಅದೇ ಉತ್ತರ. ಹೀಗೆ ಒಂದೊಂದು ಊರೂ ತನ್ನ ದೊಡ್ಡ ಮನುಷ್ಯರ ಮಾನವನ್ನು ಪಕ್ಕದ ಊರಿನ ಸುಪರ್ದಿಗೆ ಒಪ್ಪಿಸಿ ನೆಮ್ಮದಿಯಾಗಿದೆ. ಈ ಪದ್ಧತಿ ಗೊತ್ತಿಲ್ಲದ ಮನುಷ್ಯ ಮೂರೂ ಊರಿಗೆ ಸೇರಿ ಒಬ್ಬರೇ ಇದ್ದರು, ಅವರು ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಪೀಪಾಯಿಯ ವಿಚಾರ ಹೇಳುತ್ತಿದ್ದರು.

ಸಿಂಧನೂರಿನಲ್ಲಿ ಇಳಿದ ಮೇಲೆ, ಅಂಗಡಿ ಎಲ್ಲಿರಬಹುದು, ಯಾರನ್ನಾದರೂ ಕೇಳು ತಮ್ಮಾ ಎಂದರು. ನಾನು ಇಬ್ಬರನ್ನು ಕೇಳಿದ ಹಾಗೆ ಮಾಡಿ ಕರೆದುಕೊಂಡು ಹೋದೆ. ಕೌಂಟರಿನವನು ನನ್ನ ಮುಖ ಕಂಡ ಕೂಡಲೇ ಹಿಂದೆ ತಿರುಗಿ ನನ್ನ ಮಾಮೂಲಿಗೆ ಕೈ ಹಾಕಿದ. ನಾನು ಜೋರಾಗಿ ಕೆಮ್ಮಿ, ಬರ್ಬನ್ ಇದೆಯೇ ಎಂದು ಕೇಳಿದೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಕೈ ನೀಡುತ್ತಾನೆ, ಎಷ್ಟು ಚುರುಕು ನೋಡು ಎಂದು ಸರ್ ಅವನನ್ನು ಹೊಗಳಿದರು.

ಬಾಟಲಿಯನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ತಿರುಗುವಷ್ಟರಲ್ಲಿ ಮೇಲಿನ ಮಹಡಿಯ ಮೆಟ್ಟಿಲಿಳಿದು ಮೂವರು ಬಂದರು. ಸಾಹುಕಾರರು, ಗುತ್ತಿಗೆದಾರರು, ಹೆಡ್‌ಮಾಸ್ತರು. ಹೆಡ್‌ಮಾಸ್ತರ ಕಣ್ಣಿಗೆ ಕನ್ನಡಕವಿತ್ತು. ಮೂವರೂ ಗೋಡೆಗೆ ಅಂಟಿ ನಿಂತರು. ನಾನು ಪೇಪರಿನ ಸುತ್ತನ್ನು ಬೆನ್ನ ಹಿಂದೆ ಸರಿಸಿದೆ. ಸರ್ ಮಾತ್ರ ಎರಡೂ ಕೈ ಮುಗಿದು, ಬಲು ಸಂತೋಷದಿಂದ, ಬೀದಿಗೆ ಕೇಳುವ ಹಾಗೆ ಕೇಳಿದರು:

"ನಮಸ್ಕಾರ್ರೀ ಸಾಹುಕಾರ್ರ. ನೀವೂ ಅಡಿಗಿಗಂತ ಬಂದೀರೇನು?"

ಸಾಹುಕಾರರು ಬಾಯಿ ಒರೆಸಿಕೊಂಡರು. ಹೌದ್ರೀ ಸರ್, ಅಡಿಗಿಗೇ ಎಂದರು. ಉಳಿದಿಬ್ಬರೂ ಅಡಿಗೆಗೇ ಎಂದರು. ಲಿಂಗಸುಗೂರಿನಲ್ಲಿ ಪಾಕಶಾಸ್ತ್ರದ ಆಸಕ್ತಿ ಇಷ್ಟೊಂದು ಬೆಳೆದದ್ದು ತಮಗೆ ಗೊತ್ತೇ ಇರಲಿಲ್ಲವೆಂದು ಸರ್ ಆನಂದಪಟ್ಟು, ಸೋಮವಾರ ಮಧ್ಯಾಹ್ನ ಮೂವರೂ ಊಟಕ್ಕೆ ಬರಲೇಬೇಕು ಎಂದು ಅಲ್ಲೇ ಕರೆದರು. ಅವರು ತಲೆಯಾಡಿಸಿದರು. ಸರ್ ನಿಜಕ್ಕೂ ಅಷ್ಟು ಮುಗ್ಧರೇ, ಅಥವಾ ಎಲ್ಲ ತಿಳಿದೇ ಕೇಳಿದರೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಭಾನುವಾರ ಸಂಜೆ ಅವರ ಹಿತ್ತಲಿನಲ್ಲಿ ಮೊಳದಾಳದ ಗುಂಡಿ ತೋಡಿ, ಕಲ್ಲು ಕಾಯಿಸಿ ಹಾಸಿದೆವು. ಅರೆಬೆಂದ ಅಲಸಂದಿ, ಉಳ್ಳಾಗಡ್ಡಿ, ಬೆಲ್ಲ, ಅರೆದ ಸಾಸಿವೆ, ಒಣಮೆಣಸಿನಕಾಯಿ, ತುಪ್ಪ ಎಲ್ಲ ಗಡಿಗೆಗೆ ಬಿತ್ತು. ಸರ್ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನಷ್ಟು, ಇನ್ನಷ್ಟು ಎನ್ನುತ್ತಿದ್ದಂತೆ ನಾನು ಸುರಿದೆ. ಮುಚ್ಚಳದ ಸುತ್ತ ರೊಟ್ಟಿಯ ಹಿಟ್ಟು ಮೆತ್ತಿ ಹೂತೆವು. ಅವರ ಹೆಂಡತಿ ಹಿತ್ತಲಿನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿದ್ದರು. ನಾವು ಸುತ್ತಿಕೊಂಡು ಮುಂಬಾಗಿಲಿನಿಂದ ಒಳಗೆ ಹೋಗಬೇಕಾಯಿತು.

ಸೋಮವಾರ ಮೂವರೂ ಬಂದರು. ಬಾರದಿದ್ದರೆ ಸರ್ ಎಲ್ಲೆಲ್ಲಿ ಏನೇನು ಹೇಳಿಯಾರೋ ಎಂಬ ಹೆದರಿಕೆ. ಸರ್ ಈರಮ್ಮನನ್ನೂ ಕರೆದಿದ್ದರು. ಮುನ್ನೂರು ಹುಡುಗಿಯರಿಗೆ ಸಾರು ಕುದಿಸುವ ಕೈ ಅದು, ಅವಳು ಮೆಚ್ಚಿದರೆ ಪಾಕ ಗೆದ್ದಂತೆ ಎಂದು ಅವರು ಬಹಳ ಸಲ ಹೇಳಿದ್ದರು. ಅವಳಿಗೂ ಅವರಲ್ಲಿ ಕೆಲಸವಿತ್ತು. ದೊಡ್ಡ ಮನುಷ್ಯರ ಸಹಿ ಬಾರದಿದ್ದರೂ ಮರುದಿನ ಅರ್ಜಿ ಕೊಡುವುದೆಂದು ಹೆಂಗಸರು ನಿಶ್ಚಯಿಸಿದ್ದರು, ಸರ್ ಅವರ ಮೊದಲ ಸಹಿ ಹಾಕಿಸಲು ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು.

ಗಡಿಗೆಯ ಬಾಯಿ ತೆರೆದಾಗ ಮನೆಯೆಲ್ಲ ಘಮಘಮ ಎಂದಿತು. ಕಾಳು ಜೇನಿನ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಮೊದಲ ತುತ್ತಿಗೇ ನನಗೆ ತಿಳಿಯಿತು, ಅಮಲು ಎಲ್ಲಿಗೂ ಹೋಗಿರಲಿಲ್ಲ. ನನ್ನ ಎದುರಿನ ಮೂವರಿಗೂ ತಿಳಿಯಿತು. ಆದರೆ ಬಾಯಿ ಬಿಡುವುದು ಹೇಗೆ? ಇದರಲ್ಲಿ ವಿಸ್ಕಿ ಇದೆ ಎನ್ನಬೇಕಾದರೆ ವಿಸ್ಕಿಯ ರುಚಿ ಗೊತ್ತಿರಬೇಕು. ಸಾಹುಕಾರರು ಬೆಲ್ಲ ಚೆನ್ನಾಗಿದೆ ಎಂದರು. ಗುತ್ತಿಗೆದಾರರು ಮಣ್ಣಿನ ಗಡಿಗೆಯ ಗುಣ ಎಂದರು. ಹೆಡ್‌ಮಾಸ್ತರು ಎರಡನೆಯ ಸಲ ಹಾಕಿಸಿಕೊಂಡರು. ಸರ್ ತಾವಿನ್ನೂ ತಿಂದಿರಲಿಲ್ಲ, ಈರಮ್ಮನ ಮುಖವನ್ನೇ ನೋಡುತ್ತ ನಿಂತಿದ್ದರು.

ಈರಮ್ಮ ತುತ್ತನ್ನು ಬಾಯಿಯವರೆಗೆ ಒಯ್ದು ಕೆಳಗಿಟ್ಟಳು. "ಇದರಾಗ ಶೆರೆ ಹಾಕೀರೇನ್ರೀ ಸರ್ರ?"

"ಕಾದ್ರ ಆವಿಯಾಗಿ ಹೋಗತೈತಿ ಯವ್ವಾ," ಎಂದರು ಸರ್. "ಉಳಿಯೂದು ವಾಸನಿ ಅಷ್ಟ."

"ನನಗ ಆ ವಾಸನೀನ ಸಾಕಾಗೇತ್ರೀ," ಎಂದಳು ಈರಮ್ಮ. ದನಿ ಏರಿಸಲಿಲ್ಲ. "ನೀವು ಕಾಳಿಗೆ ಶೆರೆ ಹಾಕೀರಿ. ನಮ್ಮನ್ಯಾಗ ಕೂಲಿಗೆ ಬಂದ ಕಾಳು ಒಯ್ದು ಕೊಟ್ಟು ಶೆರೆ ಕುಡೀತಾನ."

ನಾನು ಸರ್ ಅವರ ಜೊತೆ ಇಪ್ಪತ್ತೈದು ವರ್ಷ ಓಡಾಡಿದವನು. ಕಿವಿಗೆ ಹೋಗುತ್ತಿದ್ದ ಅವರ ಕೈ ಅರ್ಧಕ್ಕೇ ನಿಂತದ್ದನ್ನು ಕಂಡದ್ದು ಆ ಒಂದೇ ಸಲ. ಆಮೇಲೆ ಅವರು ಬಡಿಸಿಟ್ಟಿದ್ದ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಈರಮ್ಮನ ಎದುರು ನೆಲದ ಮೇಲೆ ಕುಳಿತರು. ತಪ್ಪಾತವ್ವಾ ಎಂದರು. ಅದೊಂದೇ ಮಾತು. ಇತಿಹಾಸ ಏನೂ ಹೇಳಲಿಲ್ಲ. ನನಗೆ ಅವರ ಮೇಲಿದ್ದ ಪ್ರೀತಿಯೆಲ್ಲ ಆ ಗಳಿಗೆಯಲ್ಲಿ ಗೌರವವಾಯಿತು, ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಆದರೂ ನಾನು ಕಾಳು ತಿನ್ನುತ್ತಲೇ ಇದ್ದೆ. ನಿಜ ಹೇಳಬೇಕೆಂದರೆ ಬಹಳ ರುಚಿಯಾಗಿತ್ತು.

ಈರಮ್ಮ ಕಾಗದ ತೆಗೆಯಲೋ ಬೇಡವೋ ಎಂದು ಸೆರಗು ಹಿಡಿದು ಕುಳಿತಿದ್ದಳು. ಸರ್ ತಾವೇ ಕೈ ಚಾಚಿ ಇಸಿದುಕೊಂಡರು. ಮೇಲಿನ ಜಾಗವನ್ನು ಖಾಲಿ ಬಿಟ್ಟು, ಹೆಬ್ಬೆಟ್ಟುಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಸಹಿ ಮಾಡಿದರು. ಸಹಿಯ ಕೆಳಗೆ, ಶನಿವಾರದಂದು ಸಿಂಧನೂರಿಗೆ ಹೋಗಿ ಅಡಿಗೆಯ ಸಲುವಾಗಿ ಒಂದು ಬಾಟಲಿ ಖರೀದಿಸಿರುತ್ತೇನೆ ಎಂದು ದುಂಡಗೆ ಬರೆದರು. ಬರೆದು ಪೆನ್ನು ಎತ್ತಿ, ಮೂವರ ಕಡೆ ನೋಡಿ, ಅದೇ ಹಳೆಯ ಸೌಜನ್ಯದಿಂದ ಕೇಳಿದರು:

"ಅಲ್ಲಿ ನಮಗ ಭೆಟ್ಟಿಯಾದವರ ಹೆಸರೂ ಬರೀಲೇನ್ರೀ? ಇತಿಹಾಸ ಅಂದ್ರ ಪೂರ್ತಿ ಇರಬೇಕು."

ಐದು ತಿಂಗಳಿಂದ ಆಗದ ಕೆಲಸ ಐದು ನಿಮಿಷದಲ್ಲಿ ಆಯಿತು. ಸಾಹುಕಾರರು ಕೈ ತೊಳೆಯದೆಯೇ ಪೆನ್ನು ಕಸಿದುಕೊಂಡರು, ಅವರ ಸಹಿಯ ಮೇಲೆ ಬೆಲ್ಲದ ಹೆಬ್ಬೆಟ್ಟೂ ಬಿತ್ತು. ಗುತ್ತಿಗೆದಾರರಿಗೆ ರಾಜಕೀಯ ನೆನಪಾಗಲಿಲ್ಲ. ಹೆಡ್‌ಮಾಸ್ತರು ಕನ್ನಡಕವಿಲ್ಲದೆಯೇ ಸರಿಯಾದ ಜಾಗದಲ್ಲಿ ಸಹಿ ಮಾಡಿದರು. ಕೊನೆಗೆ ನಾನು ಮಾಡಿದೆ. ಅವರೆಲ್ಲ ಮಾಡಲಿ ಎಂದಿದ್ದೆನಲ್ಲ, ಮಾತಿಗೆ ತಪ್ಪಲಿಲ್ಲ. ಬೆಲ್ಲದ ಕಲೆ ಬಿದ್ದಿದ್ದ ಆ ಅರ್ಜಿಯೇ ಮರುದಿನ ಹೋಯಿತು. ಬಾಟಲಿಯ ಸಾಲನ್ನು ಓದಿ ಅಧಿಕಾರಿಗಳು ನಕ್ಕರಂತೆ, ಆದರೆ ಈ ಸಲ ವಾಪಸು ಕಳಿಸಲಿಲ್ಲ.

ಆ ವರ್ಷ ಪ್ರತಿಜ್ಞೆ ಮಾಡಿಸಲು ಕರೆಯ ಹೋದಾಗ ಸರ್ ಬರಲಿಲ್ಲ. ತಾವು ಇನ್ನು ಆ ಸಾಲಿನಲ್ಲಿ ನಿಲ್ಲುವವರೇ ಹೊರತು ಹೇಳಿಕೊಡುವವರಲ್ಲ ಎಂದರು. ನನ್ನನ್ನೇ ಹೇಳಿಕೊಡಲು ಒಪ್ಪಿಸಿದರು. ನಾನು ಹೇಳಿಕೊಟ್ಟೆ.

ಕೆಲವು ತಿಂಗಳಿಗೆ ಅಂಗಡಿ ಓಣಿಯ ತಿರುವಿನಿಂದ ಎದ್ದಿತು. ಎದ್ದು ಎಲ್ಲಿಗೆ ಹೋಯಿತೆಂದರೆ, ಎರಡು ಓ​ಣಿ ಆಚೆ, ಅಂಗನವಾಡಿಗೆ ಹೋಗುವ ದಾರಿಗೆ. ನಮ್ಮಲ್ಲಿ ಸಮಸ್ಯೆಗಳು ತೀರುವುದು ಹೀಗೆ. ಸರ್ ಅವರ ಓಣಿಯವರು ಪೇಡೆ ಹಂಚಿದರು. ಸರ್ ತಿನ್ನಲಿಲ್ಲ. ಪೇಡೆಯ ಬುಡ ಎಲ್ಲಿ ಎಂದೂ ಕೇಳಲಿಲ್ಲ. ಮರುವಾರವೇ ಈರಮ್ಮನನ್ನು ಕರೆದುಕೊಂಡು ಆ ಓಣಿಯ ಹೆಂಗಸರ ಮನೆಗಳಿಗೆ ಹೋಗಿ ಬಂದರು. ಮೆರವಣಿಗೆ ಹೋದರೆ ಮುಂದೆ ನಡೆಯಿರಿ ಎಂದು ಅವರೆಲ್ಲ ಹೇಳುತ್ತಿದ್ದರು, ಸರ್ ಕೊಡೆ ಬಿಚ್ಚಿಕೊಂಡು ಎಲ್ಲರ ಹಿಂದೆಯೇ ನಡೆಯುತ್ತಿದ್ದರು. ಹೊಸ ಅರ್ಜಿ ಅರ್ಧ ಬರೆದಿಟ್ಟಿದ್ದಾಗಲೇ ಅವರ ಹೃದಯ ನಿಂತಿತು.

ದಿನಕರ್ಮ ಮುಗಿದ ಮೂರನೆಯ ದಿನ ಈರಮ್ಮ ಆ ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಸರ್ ಬರೆದಿಟ್ಟಿದ್ದ ಅರ್ಜಿಯ ಉಳಿದರ್ಧವನ್ನು ಹಾಸ್ಟೆಲ್ಲಿನ ಹುಡುಗಿಯೊಬ್ಬಳ ಕೈಯಲ್ಲಿ ಬರೆಸಿದ್ದಳು. ನನ್ನ ಹೆಂಡತಿ ಚಹ ತಂದಿಟ್ಟು ಬಾಗಿಲಲ್ಲೇ ನಿಂತಳು. ಈರಮ್ಮ ಕಾಗದ ಬಿಡಿಸಿ ನನ್ನ ಮುಂದೆ ಇಟ್ಟಳು.

"ನೀವು ಕುಡಿಯೂದಿಲ್ಲಲ್ರೀ ಸರ್ರ? ಮೊದಲನೇ ಸಹಿ ನಿಮ್ದ ಆಗಲಿ."

ಈ ಪ್ರಶ್ನೆಗೆ ಮೂವತ್ತು ವರ್ಷದಿಂದ ನನ್ನ ನಾಲಿಗೆಯ ತುದಿಯಲ್ಲಿ ಒಂದು ಉತ್ತರ ಸಿದ್ಧವಾಗಿದೆ. ಹೆಂಡತಿಗೆ ಹೇಳಿದ್ದೇನೆ, ಮಾವನಿಗೆ ಹೇಳಿದ್ದೇನೆ, ಕೈ ಚಾಚಿ ನಿಂತ ನೂರಾರು ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಅಂದು ಅದು ಬಾಯಿಗೆ ಬರಲಿಲ್ಲ. ಚಹದ ಲೋಟ ಕೆಳಗಿಟ್ಟೆ. ಬಾಗಿಲ ಕಡೆ ನೋಡುವ ಧೈರ್ಯವಾಗಲಿಲ್ಲ.

"ಕುಡೀತೀನವ್ವಾ," ಎಂದೆ. "ಸಿಂಧನೂರಾಗ."

ಈರಮ್ಮ ಪೆನ್ನಿನ ಟೋಪಿ ತೆಗೆದು ನನ್ನ ಕೈಗೆ ಕೊಟ್ಟಳು.

"ಗೊತ್ತೈತ್ರೀ. ಹೇಳ್ತೀರೋ ಇಲ್ಲೋ ನೋಡಬೇಕಿತ್ತು. ಮಾಡ್ರಿ, ಮ್ಯಾಲೇ ಮಾಡ್ರಿ."